ಕನ್ನಡಿ ಮೇಲಿನ ಧೂಳು

ಕಣ್ಣಿನ ಡಾಕ್ಟರ ಬಾಗಿಲ ಮುಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದವರು ಅಕ್ಕ, ತಮ್ಮ. ಯಂತ್ರ ರಿಪೇರಿ ಮಾಡುವ ತಮ್ಮ ಮುಖ ಗಂಟಿಕ್ಕಿಕೊಂಡಿದ್ದ.

“ಛೀ! ನಿನ್ನ ಗಂಡ ಪ್ರಿನ್ಸಿಪಾಲ್ ಆಗಿರೋವರೆಗೂ ಆ ಕಾಲೇಜಿಗೆ ಕಾಲಿಡಲ್ಲ ಅಕ್ಕ.”

“ಕಾಲೇಜ್ ಲ್ಯಾಬಿನ ಹಳೇ ಲೇಸರ್ ಸರಿಹೋಯ್ತು ಅಂದಿದ್ದೆಯಲ್ಲೋ ನಿನ್ನೆ?”

“ಸರಿಹೋಗಿತ್ತು. ಒಳಗಿನ ಗ್ಯಾಸ್ ಕೊಳವೆ ಚೆನ್ನಾಗೇ ಬೆಳಗ್ತಿತ್ತು, ಬೆಳಕಿನ ಗೆರೆ ಮಾತ್ರ ಹೊರಗೆ ಬರ್ತಿರ್ಲಿಲ್ಲ. ನೋಡಿದ್ರೆ ಎರಡೂ ತುದೀಲಿರೋ ಕನ್ನಡಿಗಳು ಜರುಗಿದ್ವು. ತಿರುಪನ್ನ ಕೂದಲೆಳೆಯಷ್ಟೇ ತಿರುಗಿಸ್ತಾ ಮೂರು ವಾರ ಒದ್ದಾಡಿದೆ. ನಿನ್ನೆ ಗೋಡೆ ಮೇಲೆ ಕೆಂಪು ಚುಕ್ಕೆ ಬಿತ್ತು.”

“ಮತ್ತಿನ್ನೇನು?”

“ಭಾವ ಬಂದ್ರು, ಬೆನ್ನು ತಟ್ಟಿದ್ರು. ಕನ್ನಡಿ ಮೇಲೆ ಧೂಳಿದೆ ಅಂದ್ರು. ನಾನು ಸ್ವಿಚ್ ಆರಿಸಿ ಕೈ ತೊಳೆಯೋಕೆ ಹೋದೆ ಅಷ್ಟೆ. ಬರೋ ಹೊತ್ತಿಗೆ ಹಾ ಅಂತ ಉಸಿರು ಬಿಟ್ಟು, ಮೂಗು ಒರೆಸೋ ಕರ್ಚೀಫಲ್ಲಿ ತಿಕ್ತಾ ಇದ್ರು!”

“ಮನೇಲಿ ಕನ್ನಡಕಾನೂ ಹಾಗೇ ಒರೆಸ್ತಾರಪ್ಪ.”

“ಅದು ಕನ್ನಡಕ ಅಲ್ಲ ಕಣೇ! ಆ ಕನ್ನಡಿ ಲೇಪಕ್ಕೆ ಬೆರಳು ತಾಗಿದ್ರೂ ಆಗಲ್ಲ. ಈಗ ಬರೀ ಗೀರು. ಅಂಥ ಕನ್ನಡಿ ಇವತ್ತು ಎಲ್ಲೂ ಸಿಗಲ್ಲ. ಮಕ್ಕಳಿಗೆ ಇದ್ದಿದ್ದೊಂದು ಲೇಸರ್ ಗುಜರಿಗೆ. ನನ್ನ ಕೆಲಸ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು.”

“ಅವರೇನಂದ್ರು?”

“‘ಈಗ ನೋಡು, ಹೇಗೆ ಫಳಫಳ ಅಂತಿದೆ’ ಅಂದ್ರು.”

ಒಳಗಿನಿಂದ ಕರೆ ಬಂತು. ಅಕ್ಕನ ಕೈ ಹಿಡಿದು ಎದ್ದ ತಮ್ಮ ಹೋಗುವ ಮುನ್ನ ನನ್ನನ್ನೇ ದುರುಗುಟ್ಟಿ ನೋಡಿದ. ಕನ್ನಡಕ ಒರೆಸುತ್ತಿದ್ದ ಅಂಗಿಯ ತುದಿಯನ್ನು ನಾನು ಮೆಲ್ಲಗೆ ಕೆಳಗೆ ಬಿಟ್ಟೆ.