ಬೆಳ್ತಂಗಡಿಗೆ ಫೋನು ಮಾಡಿ ಕೇಳಿದ ಮಳೆ

ಅಲ್ಲ ಮಕ್ಕಳೇ, ರೇಡಿಯೋದವರಿಗೆ ಎಂತ ಗೊತ್ತುಂಟು, ಅವರು ಮಂಗಳೂರಿನ ಬಿಸಿ ಎಷ್ಟು ಅಂತ ಹೇಳಿ ಬಾಯಿ ಮುಚ್ತಿದ್ರು, ನಮ್ಮ ಮೆಲ್ಕಾರಿನ ಬಿಸಿ ಕೇಳುವವರೇ ಇಲ್ಲ. ಆ ವರ್ಷ ಮೇ ತಿಂಗಳ ಕೊನೆಗೆ ಎಂಥಾ ಸೆಕೆ ಅಂತೀರಿ, ರಸ್ತೆಯ ಡಾಮರಿಗೆ ಚಪ್ಪಲಿ ಅಂಟಿ ಕಾಲು ಮಾತ್ರ ಮುಂದೆ ಹೋಗ್ತಿತ್ತು, ಬಾವಿಗೆ ಕೊಡಪಾನ ಇಳಿಸಿದ್ರೆ ತಳದ ಕಲ್ಲಿಗೆ ಟಣ್ ಅಂತಿತ್ತು. ಊರಿಡೀ ಮಳೆ ಬರ್ಲಿ ಮಳೆ ಬರ್ಲಿ ಅಂತ ಜಪ. ದೇವಸ್ಥಾನದಲ್ಲಿ ಪೂಜೆ, ನಮ್ಮ ಪಳ್ಳಿಯಲ್ಲಿ ಶುಕ್ರವಾರ ಮಳೆಗಾಗಿ ದುಆ. ನಾನು ಸಹ ಕೈ ಎತ್ತಿದೆ. ಆದ್ರೆ ಒಳಗಿನಿಂದ ಎಂತ ಕೇಳಿದ್ದು ಗೊತ್ತುಂಟಾ? ಪಡೆದವನೇ, ಕೊಡು, ಧಾರಾಳ ಕೊಡು, ಆದಿತ್ಯವಾರ ಕಳೆದ ಮೇಲೆ ಕೊಡು.

ಎಂತಕ್ಕೆ ಅಂದ್ರೆ, ನಾನು ಆಗ ಗಲ್ಫಿನ ದಮ್ಮಾಮ್ ಬಿಟ್ಟು ಬಂದಿದ್ದೆ. ಬಿಟ್ಟು ಬಂದದ್ದಲ್ಲ, ಕಂಪೆನಿಯವರೇ ಮುಚ್ಚಿ ಕಳಿಸಿದ್ದು, ನಿಮ್ಮ ಅಜ್ಜಿ ಕೇಳಿಸಿಕೊಳ್ತಿದ್ದಾಳೆ, ಸರಿಯಾಗಿ ಹೇಳ್ಬೇಕು. ಕೈಯಲ್ಲಿದ್ದದ್ದನ್ನೆಲ್ಲ ಹಾಕಿ ಶಾಮಿಯಾನದ ವ್ಯಾಪಾರ ಶುರು ಮಾಡಿದೆ. ಮೂಡುಬಿದಿರೆಯಲ್ಲಿ ಒಬ್ಬರು ಆ ಕೆಲಸ ಬಿಡ್ತಿದ್ರು, ಅವರ ಹತ್ತಿರದಿಂದ ಹಳೆ ಬಟ್ಟೆ ತಂದದ್ದು, ಕೆಂಪು ಅಂದ್ರೆ ಕೆಂಪು, ಅಂಚಿಗೆ ಝಾಲರು, ನೋಡಿದ್ರೆ ಕಣ್ಣಿಗೆ ಹಬ್ಬ. ನಿಮ್ಮ ಅಜ್ಜಿ ನೆಬಿಸ ಅದರ ಒಂದು ಮೂಲೆಯನ್ನು ಬಕೆಟಿಗೆ ಅದ್ದಿದ್ಲು. ನೀರು ಬೀಟ್‌ರೂಟ್ ಬೇಯಿಸಿದ ಹಾಗೆ ಆಯ್ತು! "ಬಣ್ಣ ಬಿಡ್ತದಲ್ಲ, ತರುವಾಗ ಒದ್ದೆ ಮಾಡಿ ನೋಡಿದ್ರಾ?" ಅಂತ ಕೇಳಿದ್ಲು. "ಶಾಮಿಯಾನವನ್ನು ಯಾರಾದ್ರೂ ಒಗೆದು ನೋಡ್ತಾರಾ ಮಾರಾಯ್ತಿ?" ಅಂದೆ. ಅವಳು ಬಕೆಟಿನ ನೀರು ಚೆಲ್ಲಿ, "ಆದಿತ್ಯವಾರದ ಮದುವೆ ಹಾಳಾದ್ರೆ ನೀವು ಪುನಃ ದಮ್ಮಾಮಿಗೆ ಹೋಗ್ಬೇಕಾದೀತು" ಅಂದ್ಲು. ನನಗೆ ಹೋಗುವ ಮನಸ್ಸು ಒಂಚೂರೂ ಇರ್ಲಿಲ್ಲ.

ಆ ಮದುವೆ ಪಾಣೆಮಂಗಳೂರಿನ ವಿಶ್ವನಾಥಣ್ಣನ ಮಗಳದ್ದು, ನನ್ನ ಮೊದಲ ದೊಡ್ಡ ಕೆಲಸ. ಸೆಕೆಗೆ ನೆರಳಾಗ್ಲಿ ಅಂತ ವಾರ ಮೊದಲೇ ಅಂಗಳಕ್ಕೆ ಚಪ್ಪರ ಹಾಕಿಸಿದ್ರು. ಆಯ್ತು, ಹಾಕಿದೆ. ಈಗ ನೋಡಿ, ನಮ್ಮಲ್ಲಿ ಬೇಸಗೆ ಕೊನೆಯ ಮಳೆ ಸಮುದ್ರದಿಂದ ಬರುವುದಲ್ಲ, ಘಟ್ಟದಿಂದ ಇಳಿದು ಬರುವುದು. ಮೊದಲು ಬೆಳ್ತಂಗಡಿ, ಆಮೇಲೆ ನಾವು. ಹಾಗೆ ನಾನು ದಿನಾ ಮಧ್ಯಾಹ್ನ ಕಳೆದು ಬೆಳ್ತಂಗಡಿ ಪೇಟೆಯ ಚಾ ಹೋಟ್ಲಿನ ಸಂಜೀವಣ್ಣನಿಗೆ ಫೋನು ಮಾಡ್ತಿದ್ದೆ. ಹಿಂದೆ ಒಮ್ಮೆ ಬಸ್ಸು ತಪ್ಪಿ ಅವರಲ್ಲಿ ಕೂತದ್ದು, ಅಷ್ಟೇ ಪರಿಚಯ. ಭಾರೀ ಒಳ್ಳೆ ಜನ. "ಸಂಜೀವಣ್ಣ, ಅಲ್ಲಿ ಮಳೆ ಉಂಟಾ?" ಅಂತ ಕೇಳುವುದು, ಅಷ್ಟೇ. ಮಳೆ ಬೇಡ ಅಂತ ಬಾಯಿಬಿಟ್ಟು ಹೇಳ್ಲಿಕ್ಕುಂಟಾ ಆ ಕಾಲದಲ್ಲಿ? ಊರವರು ಹೊಡೀತಿದ್ರು. ಅವರು ದಿನಾ, "ಬರ್ತದೆ ಕಾಕ! ಘಟ್ಟದ ಮೇಲೆ ಕಪ್ಪು ಕಟ್ಟಿ ನಿಂತಿದೆ, ಈಗ ಬಂತು ನೋಡಿ!" ಅನ್ನುವುದು. ನಾನು ಫೋನು ಇಟ್ಟವನೇ ಸೈಕಲ್ ತುಳಿದು ಪಾಣೆಮಂಗಳೂರಿಗೆ, ಬಟ್ಟೆಯ ಮೇಲೆ ನೀಲಿ ಟರ್ಪಾಲ್ ಎಳೆಯುವುದು. ಮಳೆ ಎಲ್ಲಿ? ಒಂದು ಹನಿ ಇಲ್ಲ. ಟರ್ಪಾಲಿನ ಅಡಿಯಲ್ಲಿ ಅಷ್ಟೂ ನೆಂಟರು ಬೆವತು ನೀಲಿ ನೀಲಿಯಾಗಿ ಕಾಣ್ತಿದ್ರು. ಮರುದಿನ ಪುನಃ ಫೋನು, ಪುನಃ "ಬಂತು ಕಾಕ," ಪುನಃ ಸೈಕಲ್. ಮೆಲ್ಕಾರಿನವರು ನನಗೆ ಹವಾಮಾನ ಕಾಕ ಅಂತ ಹೆಸರಿಟ್ರು. ವಿಶ್ವನಾಥಣ್ಣ ಕೊನೆಗೆ ಕೇಳಿಯೇಬಿಟ್ರು, "ಕಾಕ, ನೀವು ಚಪ್ಪರ ಹಾಕಿದ್ದು ಜನ ಕೂತ್ಕೊಳ್ಳಿಕ್ಕಾ, ಗೆಣಸು ಬೇಯಿಸ್ಲಿಕ್ಕಾ? ಮದುವೆ ದಿನ ಆ ಟರ್ಪಾಲ್ ಮುಟ್ಟಿದ್ರೆ ಜಾಗ್ರತೆ!"

ಆದಿತ್ಯವಾರ ಮುಹೂರ್ತ ಆಯ್ತು, ಊಟ ಆಯ್ತು. ಮದುಮಗನ ಕಡೆಯವರೆಲ್ಲ ಬಿಳಿ ಪಂಚೆ, ಬಿಳಿ ಅಂಗಿ, ನನ್ನ ಕೆಂಪು ಬಟ್ಟೆಯ ಅಡಿಯಲ್ಲಿ ಕೂತು ಎಲೆ ಅಡಿಕೆ ಹಾಕ್ತಿದ್ದಾರೆ. ನಾನು ಪಕ್ಕದ ಅಂಗಡಿಗೆ ಓಡಿ ಫೋನು ಮಾಡಿದೆ. "ಸಂಜೀವಣ್ಣ, ಮಳೆ?" "ಇಲ್ಲವೇ ಇಲ್ಲ ಕಾಕ! ಆಕಾಶ ಬೆಳ್ಳಗೆ ಉಂಟು, ನೀವು ಧೈರ್ಯದಲ್ಲಿರಿ." ನನಗೆ ಜೀವ ಬಂತು. ಆದ್ರೆ ಅವರ ಮಾತಿನ ಹಿಂದೆ ಎಂತದೋ ಚರ್ರೋ ಅಂತ ಶಬ್ದ. "ಅದೆಂತ ಸಂಜೀವಣ್ಣ?" "ಅದಾ? ನೀರುಳ್ಳಿ ಬಜೆ ಕಾಕ, ಬಜೆ ಕಾಯಿಸುವುದು." "ಬಜೆ ಅಷ್ಟು ಶಬ್ದ ಮಾಡ್ತದಾ?" "ದೊಡ್ಡ ಬಾಣಲೆ." ಅಷ್ಟೊತ್ತಿಗೆ ಢಬಾರ್ ಅಂತು. "ಇದು?" "ಇದು... ಗ್ಯಾಸಿನ ಸಿಲಿಂಡರ್ ಬಿತ್ತು ಕಾಕ." ಫೋನು ಕಟ್.

ನನಗೆ ಗೊತ್ತಾಯ್ತು, ಅವರ ಹೋಟ್ಲಿಗೆ ತಗಡಿನ ಮಾಡು ಅಲ್ವಾ, ಅದರ ಮೇಲೆ ಮಳೆ ಹೊಡೆಯುವ ಶಬ್ದ ಅದು! ಓಡಿ ಬಂದು ಏಣಿ ಇಟ್ಟೆ. ವಿಶ್ವನಾಥಣ್ಣ ಏಣಿಯನ್ನೇ ಹಿಡ್ಕೊಂಡ್ರು, "ಕಾಕ, ಇವತ್ತೂ ನಿಮ್ಮ ನಾಟಕವಾ? ಇಳೀರಿ!" ಇನ್ನೆಂತ ಮಾಡುವುದು, ಬಗ್ಗಿ ಅವರ ಕಿವಿಯಲ್ಲಿ ಹೇಳಿದೆ, "ಈ ಬಟ್ಟೆ ಬಣ್ಣ ಬಿಡ್ತದೆ ವಿಶ್ವನಾಥಣ್ಣ. ಮಳೆ ಬಂದ್ರೆ ನಿಮ್ಮ ಬೀಗರೆಲ್ಲ ಕೆಂಪು." ಅವರು ಒಮ್ಮೆ ಬೀಗರ ಬಿಳಿ ಪಂಚೆ ನೋಡಿದ್ರು, ಒಮ್ಮೆ ನನ್ನ ಮುಖ ನೋಡಿದ್ರು. ಮತ್ತೆ ಮದುಮಗಳ ಅಪ್ಪ, ಜರಿ ಶಾಲು ಸೊಂಟಕ್ಕೆ ಬಿಗಿದು, ನನಗಿಂತ ಮೊದಲು ಏಣಿ ಹತ್ತಿದ್ರು ಮಾರಾಯ! ನಾನು ಆ ಕಡೆಯಿಂದ, ಅವರು ಈ ಕಡೆಯಿಂದ, ಟರ್ಪಾಲ್ ಎಳೆದೆವು. ಜನ ಎಲ್ಲ ನಗಾಡ್ತಿದ್ರು. ಕೊನೆಯ ಹಗ್ಗ ಕಟ್ಟುವಾಗ ಗಾಳಿ ಬಂತು, ಬೆನ್ನಿಗೇ ಮಳೆ, ಎಂಥಾ ಮಳೆ! ಕಷ್ಟಪಟ್ಟು ಟರ್ಪಾಲ್ ಹಾಕಿದ್ದಾ, ಅದರ ಅಡಿಯಲ್ಲಿ ಒಂದು ಪಿಳ್ಳೆ ಸಹ ನಿಲ್ಲಲಿಲ್ಲ. ಬೀಗರು, ಅಡುಗೆಯವರು, ವಾಲಗದವರು, ಎಲ್ಲ ಹೊರಗೆ ಹೋಗಿ ಮಳೆಗೆ ಮುಖ ಒಡ್ಡಿ ನಿಂತ್ರು, ಬಿಳಿ ಪಂಚೆ ಬಿಳಿಯಾಗಿಯೇ ಒದ್ದೆ ಆಯ್ತು. ವಿಶ್ವನಾಥಣ್ಣ ನನ್ನ ಹೆಗಲಿಗೆ ಕೈ ಹಾಕಿ, "ಕಾಕ, ಎರಡನೇ ಮಗಳದ್ದು ಸಹ ನಿಮಗೇ, ಬಟ್ಟೆ ಮಾತ್ರ ಬೇರೆ ತನ್ನಿ" ಅಂದ್ರು. ನನಗೆ ಅಳು ಬಂತು. ಮಳೆಯಲ್ಲಿ ಯಾರಿಗೂ ಕಾಣ್ಲಿಲ್ಲ.

ಮರುದಿನವೇ ಬಸ್ಸು ಹತ್ತಿ ಬೆಳ್ತಂಗಡಿಗೆ ಹೋದೆ, ಜಗಳ ಮಾಡ್ಲಿಕ್ಕೆ. ಸಂಜೀವಣ್ಣ ಚಾ ಇಟ್ಟು ಹೇಳ್ತಾರೆ, "ಬೇಜಾರು ಮಾಡ್ಬೇಡಿ ಕಾಕ. ನೀವು ದಿನಾ ಮಳೆ ಉಂಟಾ ಅಂತ ಕೇಳುವಾಗ, ಪಾಪ, ಬಾವಿ ಬತ್ತಿದೆ ಕಾಣ್ತದೆ ಅಂತ ನಾನು ಬರ್ತದೆ ಅಂತ ಸಮಾಧಾನ ಹೇಳಿದ್ದು. ಹೊರಗೆ ಹೋಗಿ ಯಾರು ನೋಡಿದ್ದು? ಮೊನ್ನೆ ಒಬ್ಬ ಕಂಡಕ್ಟರು ಹೇಳಿದ, ನಿಮ್ಮದು ಶಾಮಿಯಾನದ ಕೆಲಸ, ಆದಿತ್ಯವಾರ ಮದುವೆ ಉಂಟು ಅಂತ. ಹಾಗೆ ನಿನ್ನೆ ಮಳೆ ಇಲ್ಲ ಅಂತ ಸಮಾಧಾನ ಹೇಳಿದೆ." ಇಂಥವರ ಹತ್ತಿರ ಎಂತ ಜಗಳ ಮಾಡುವುದು? ಬಜೆ ತಿಂದು ಬಂದೆ. ಅದಕ್ಕೇ ಹೇಳುವುದು ಮಕ್ಕಳೇ, ಒಳ್ಳೆಯವರ ಹತ್ತಿರ ಎಂತದಾದ್ರೂ ಕೇಳುವಾಗ ನಿಮ್ಮ ಆಸೆ ಎಂತ ಅಂತ ತೋರಿಸ್ಲಿಕ್ಕೇ ಹೋಗ್ಬೇಡಿ, ಅವರು ಅದನ್ನೇ ಕೊಟ್ಟು ಕಳಿಸ್ತಾರೆ. ಏಳಿ, ಊಟಕ್ಕೆ ಹೋಗುವ.