ನಾಲ್ಕನೇ ಮಂಚದ ಹದಿನಾಲ್ಕು ನಿಮಿಷ

ಅನಸೂಯಮ್ಮ ಕೋಂ ಲೇಟ್ ಚನ್ನಕೇಶವ, ವಯಸ್ಸು 63 ವರ್ಷ, ನಿವೃತ್ತ ನರ್ಸ್, ವಾಸ: ಮುರುಗಮಲ್ಲ ಗ್ರಾಮ, ಚಿಂತಾಮಣಿ ತಾಲೂಕು, ಚಿಕ್ಕಬಳ್ಳಾಪುರ ಜಿಲ್ಲೆ. ತಾವು ವಿಚಾರಿಸಿದ್ದಕ್ಕೆ ನಾನು ಈ ಮೂಲಕ ತಿಳಿಸುವುದು ಹೀಗಿದೆ.

ನಮ್ಮೂರಿನಿಂದ ಚಿಂತಾಮಣಿಗೆ ಹೋಗುವ ರಸ್ತೆಯಲ್ಲಿ, ಚಿಂತಾಮಣಿ ಸರ್ಕಾರಿ ಆಸ್ಪತ್ರೆಗೆ 6 ಕಿ.ಮೀ. ದೂರದಲ್ಲಿ ಒಂದು ಖಾಸಗಿ ನರ್ಸಿಂಗ್ ಹೋಂ ಇತ್ತು. ಅಲ್ಲಿ ನಾನು 22 ವರ್ಷ ಕೆಲಸ ಮಾಡಿದ್ದೇನೆ. ಅದು ಮುಚ್ಚಿ ಆರು ವರ್ಷವಾಯಿತು. ಈ ತಿಂಗಳು 8ನೇ ತಾರೀಕಿನಿಂದ ಆ ಕಟ್ಟಡದಲ್ಲಿ ಆಸ್ಪತ್ರೆಯ ಮೇಲಿನ ಒಂದು ಕಾಮಿಡಿ ಸಿನಿಮಾದ ಶೂಟಿಂಗ್ ನಡೆಯುತ್ತಿತ್ತು. ಗ್ಲೌಸ್ ಹಾಕುವುದು, ಕತ್ತರಿ ಹಿಡಿಯುವುದು ಇವನ್ನು ನಟರಿಗೆ ತೋರಿಸಲು ನನ್ನನ್ನು ಕರೆಸಿದ್ದರು.

ಆಪರೇಷನ್ ಆದ ರೋಗಿಯ ಹೊಟ್ಟೆಯೊಳಗೆ ಡಾಕ್ಟರ ಮೊಬೈಲ್ ಉಳಿದು ರಿಂಗ್ ಆಗುವ ದೃಶ್ಯವೊಂದಿತ್ತು. ಸಾಮಾನು ಎಣಿಸದೆ ಯಾರೂ ಹೊಟ್ಟೆ ಹೊಲಿಯುವುದಿಲ್ಲ ಎಂದು ನಾನು ಸಹಾಯಕ ನಿರ್ದೇಶಕ ಮೋಹನ್‌ಬಾಬುವಿಗೆ ಹೇಳಿದೆ. ಅವರು, “ಎಣಿಸಿಬಿಟ್ರೆ ಕಾಮಿಡಿ ಎಲ್ಲಿಂದ ಬರ್ಬೇಕಮ್ಮ?” ಎಂದು ಕೇಳಿದರು. ನನಗೆ ಸಿಟ್ಟು ಬಂತು. ಆದರೂ ಮಾರನೇ ದಿನ ಹೋದೆ. ಮನೆಯಲ್ಲಿ ಸುಮ್ಮನೆ ಕೂತು ಬೇಸರವಾಗಿತ್ತು, ಹಳೆಯ ಯೂನಿಫಾರಂ ಹಾಕಿಕೊಳ್ಳುವುದು ಇಷ್ಟವಾಗಿತ್ತು.

ದಿನಾಂಕ 12.02.2025ರ ಬುಧವಾರ ಬೆಳಿಗ್ಗೆ ವಾರ್ಡಿನ ದೃಶ್ಯ. ಆರು ಮಂಚ ಹಾಕಿದ್ದರು. ರೋಗಿಗಳಾಗಿ ಮಲಗಲು ಸುತ್ತಲ ಹಳ್ಳಿಗಳವರನ್ನೇ ಅವರವರ ಬಟ್ಟೆಯಲ್ಲೇ ಬರಹೇಳಿ, ಒಬ್ಬೊಬ್ಬರಿಗೆ ಮಂಚದ ನಂಬರಿನ ಚೀಟಿ ಕೊಟ್ಟಿದ್ದರು. ಮೇಕಪ್‌ನವರು ಬೆವರಿನಂತೆ ಕಾಣಲಿ ಎಂದು ಅವರ ಮುಖಕ್ಕೆ ನೀರು ಚಿಮುಕಿಸುತ್ತಿದ್ದರು. ನಾಲ್ಕನೇ ಮಂಚದ ಹೆಂಗಸು ಬಂದಿರಲಿಲ್ಲ.

10 ಗಂಟೆ 52 ನಿಮಿಷಕ್ಕೆ ಗಂಡ ಹೆಂಡತಿ ಇಬ್ಬರು ಆಟೋದಲ್ಲಿ ಬಂದು ಒಳಗೆ ಬಂದರು. ಇಷ್ಟು ಹೊತ್ತಿಗೆ ಬಂದಳಲ್ಲ ಎಂದು ಬೇಸರದಿಂದ ನನ್ನ ಕೈಗಡಿಯಾರ ನೋಡಿದ್ದರಿಂದ ಸಮಯ ಖಚಿತವಾಗಿ ಗೊತ್ತು. ಗೋಡೆಯ ಗಡಿಯಾರವನ್ನು ಶೂಟಿಂಗಿಗಾಗಿ ನಿಲ್ಲಿಸಿದ್ದರು. ಅವರು ಪಿಳ್ಳಪ್ಪ ಮತ್ತು ಅವರ ಹೆಂಡತಿ ಮಂಗಮ್ಮ ಎಂದು ನನಗೆ ಆಮೇಲೆ ತಿಳಿಯಿತು. ಹಾಲಿನ ಡೈರಿಯ ಹತ್ತಿರ ಯಾರೋ ಆಸ್ಪತ್ರೆ ಮತ್ತೆ ತೆರೆದಿದೆ ಎಂದಿದ್ದರಂತೆ. ಬೋರ್ಡಿಗೆ ಹೊಸ ಬಣ್ಣ ಬಳಿದಿತ್ತು, ಗೇಟಿನಲ್ಲಿ ಆಂಬುಲೆನ್ಸ್ ನಿಂತಿತ್ತು.

ಮೋಹನ್‌ಬಾಬು ಆಕೆಗೆ, “ನಾಲ್ಕನೇ ನಂಬರ್ ನೀವೇನಾ? ಎಷ್ಟು ಲೇಟಮ್ಮ, ಹೋಗಿ ಮಲ್ಕೊಳಿ” ಎಂದು ಚೀಟಿ ಕೊಟ್ಟರು. ಪಿಳ್ಳಪ್ಪ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಹೆಂಡತಿಗೆ ತೆಲುಗಿನಲ್ಲಿ “ಭಯಪಡಾಕು” ಎಂದು, ಹೆದರಬೇಡವೆಂದು ಹೇಳಿ ಮಲಗಿಸಿ, ಚಪ್ಪಲಿ ಬಿಚ್ಚಿಟ್ಟು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತರು. ಮಂಗಮ್ಮ ತಮ್ಮ ಎಡಗೈ ಹಿಡಿದುಕೊಂಡಿದ್ದರು, ಮುಖ ಬೆವರಿತ್ತು. ಮೇಕಪ್‌ನವರ ನೀರು ಎಂದುಕೊಂಡೆ. ನಾನು ಆ ಮಂಚದಿಂದ ಹನ್ನೆರಡು ಅಡಿ ದೂರದಲ್ಲಿದ್ದೆ.

ಕ್ಯಾಮೆರಾ ಶುರುವಾಯಿತು. ಡಾಕ್ಟರ್ ಪಾತ್ರದವರು ಸ್ಟೆತಾಸ್ಕೋಪನ್ನು ದಿಂಬಿನ ಮೇಲಿಟ್ಟು ಕೇಳುತ್ತಾ ನಾಲ್ಕನೇ ಮಂಚಕ್ಕೆ ಬಂದರು. ಮಂಗಮ್ಮ ಅವರ ಕೋಟು ಹಿಡಿದುಕೊಂಡು, “ಸಾರ್, ಎದೆ ಮ್ಯಾಲೆ ರುಬ್ಬೋ ಗುಂಡು ಇಟ್ಟಂಗೈತೆ” ಎಂದರು. ಆಕೆಯೂ ನಟಿಸುತ್ತಿದ್ದಾರೆ ಎಂದು ತಿಳಿದ ಅವರು, “ಹಂಗಾದ್ರೆ ಅಕ್ಕಿ ನೆನಾಕಮ್ಮ, ದೋಸೆಗೆ ರುಬ್ಬಣ” ಎಂದರು. ಎಲ್ಲರೂ ನಕ್ಕರು. ನಿರ್ದೇಶಕರು ತುಂಬಾ ಚೆನ್ನಾಗಿ ಬಂತು, ಇನ್ನೊಂದು ಸಲ ಮಾಡೋಣ ಎಂದರು. ಮಂಗಮ್ಮ ಎರಡನೇ ಸಲವೂ ಅದೇ ಮಾತು ಹೇಳಿದರು. ಈ ಸಲ ದನಿ ಸಣ್ಣದಾಗಿತ್ತು. ಜೋರಾಗಿ ಹೇಳಿ ಎಂದು ಯಾರೋ ಕೂಗಿದರು.

ಆಗ ಆಕೆಯ ಕೈ ಮಂಚದಿಂದ ಕೆಳಗೆ ಜಾರಿತು. ಉಗುರುಗಳು ನೀಲಿಯಾಗಿದ್ದವು. ಹಳ್ಳಿಯಿಂದ ಬಂದ ಹೆಂಗಸಿನ ಉಗುರಿಗೆ ಯಾವ ಮೇಕಪ್‌ನವನೂ ನೀಲಿ ಹಚ್ಚುವುದಿಲ್ಲ. ಓಡಿಹೋಗಿ ನಾಡಿ ಹಿಡಿದೆ. ಬಹಳ ಸಣ್ಣಗೆ, ತಪ್ಪಿ ತಪ್ಪಿ ಬಡಿಯುತ್ತಿತ್ತು. ಮೋಹನ್‌ಬಾಬು, “ಅಮ್ಮಾ, ಫ್ರೇಮಲ್ಲಿ ಬಂದ್ಬಿಟ್ರಿ” ಎಂದರು. ನಾನು ಅವರನ್ನು ಏಕವಚನದಲ್ಲಿ ಬೈದೆ. ಸಮಯ 11 ಗಂಟೆ 6 ನಿಮಿಷ.

ಗೇಟಿನ ಆಂಬುಲೆನ್ಸಿಗೇ ಆಕೆಯನ್ನು ಹಾಕಿದೆವು. ಅದರ ಸೈರನ್ ಕೆಲಸ ಮಾಡುತ್ತಿತ್ತು. ಆಕ್ಸಿಜನ್ ಸಿಲಿಂಡರ್ ಖಾಲಿ, ಬಣ್ಣ ಮಾತ್ರ ಹೊಸದು. ಎರಡು ಕಿ.ಮೀ. ದಾಟುವಷ್ಟರಲ್ಲಿ ನಾಡಿ ಸಿಗಲಿಲ್ಲ. ಅಲ್ಲಿಂದ ಆಸ್ಪತ್ರೆಯವರೆಗೂ ಎದೆ ಒತ್ತುತ್ತಲೇ ಇದ್ದೆ. ಪಿಳ್ಳಪ್ಪ ಹೆಂಡತಿಯ ಕಾಲ ಬಳಿ ಕೂತು ನನಗೆ ಚೀಟಿ ತೋರಿಸಿ, “ಚೀಟಿ ಕೊಟ್ಟವ್ರಲ್ಲ, ಕರೀತಾರೆ ಅಂತ ಕುಂತಿದ್ದೆ ಕಣಮ್ಮ. ನಾನು ಕೂಗ್ಬೇಕಾಗಿತ್ತಾ?” ಎಂದು ಕೇಳಿದರು. ಅವರು ಕೂತಿದ್ದ ಅದೇ ಹಾಲ್‌ನಲ್ಲಿ 22 ವರ್ಷ, ಚೀಟಿ ತಗೊಂಡು ಸುಮ್ಮನೆ ಕೂರಿ, ಕರೆದಾಗ ಬನ್ನಿ, ಕೂಗಾಡಬೇಡಿ ಎಂದು ಜನರನ್ನು ಗದರಿಸಿದವಳು ನಾನೇ. ತಮ್ಮ ಮಗ ಹುಟ್ಟಿದ್ದೂ ಅಲ್ಲಿಯೇ ಎಂದು ಪಿಳ್ಳಪ್ಪ ಹೇಳಿದರು.

11 ಗಂಟೆ 19 ನಿಮಿಷಕ್ಕೆ ಸರ್ಕಾರಿ ಆಸ್ಪತ್ರೆ ತಲುಪಿದೆವು. ವೈದ್ಯರು ಪರೀಕ್ಷಿಸಿ, ದಾರಿಯಲ್ಲೇ ಪ್ರಾಣ ಹೋಗಿದೆ ಎಂದು ತಿಳಿಸಿದರು.

ಈ ದಿನ ಬೆಳಿಗ್ಗೆ 8:15ಕ್ಕೆ ಮೋಹನ್‌ಬಾಬು ನಮ್ಮ ಮನೆಗೆ ಬಂದು ಅತ್ತರು. “ಬಂದ ತಕ್ಷಣ ನೋಡಿ ಕಳಿಸಿದ್ವಿ ಅಂತ ಹೇಳ್ಬಿಡಿ ಅಮ್ಮ, ನಿಮ್ಮ ಮೇಲೂ ತಪ್ಪು ಬರಲ್ಲ” ಎಂದರು. ಆತ ಕೆಟ್ಟವನಲ್ಲ. ಕಾಫಿ ಕೊಟ್ಟು, ಆಗುವುದಿಲ್ಲವೆಂದು ಹೇಳಿ ಕಳಿಸಿದೆ. ಹದಿನಾಲ್ಕು ನಿಮಿಷ ಮೊದಲೇ ಹೊರಟಿದ್ದರೆ ಆಕೆ ಬದುಕುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಸಮಯವನ್ನು ತಪ್ಪಾಗಿ ಬರೆಸುವುದು ನನ್ನಿಂದಾಗದು.

ಆ ಎರಡೂ ಸಲದ ಚಿತ್ರೀಕರಣ ಅವರ ಬಳಿ ಇದೆ. ಅದನ್ನು ಅಳಿಸುವ ಮೊದಲು ವಶಕ್ಕೆ ತೆಗೆದುಕೊಳ್ಳಬೇಕಾಗಿ ಕೋರುತ್ತೇನೆ. ಮಂಗಮ್ಮ ತಮ್ಮ ನೋವನ್ನು ಸ್ಪಷ್ಟವಾಗಿ ಹೇಳಿದ್ದು ಅದರಲ್ಲಿದೆ. ಮೊದಲ ಸಲ ದೋಸೆಯ ಮಾತಿಗೆ ಎಲ್ಲರಿಗಿಂತ ಜೋರಾಗಿ ನಗುವ ಒಂದು ಹೆಂಗಸಿನ ದನಿಯೂ ಅದರಲ್ಲಿರುತ್ತದೆ. ಅದು ಯಾರದೆಂದು ಪತ್ತೆ ಮಾಡಲು ಯಾರನ್ನೂ ಕರೆಸಬೇಕಾಗಿಲ್ಲ. ಅದು ನನ್ನದು.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ನಿಜವಿದೆ.

ಸ್ಥಳ: ಚಿಂತಾಮಣಿ
ದಿನಾಂಕ: 13.02.2025
(ಸಹಿ) ಅನಸೂಯಮ್ಮ