ಕಾವಲು ಪಟ್ಟಿಗೆ ಬಿದ್ದ ಗಂಟು

ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ, ವಯಸ್ಸು ಎಪ್ಪತ್ತೊಂದು, ವಾಸ ಬಟ್ಟೆ ತೊಳೆಯುವ ಕಾರ್ಖಾನೆಯ ಹಿಂದಿನ ಓಣಿಯ ಕೊನೆಯ ಮನೆ. ಠಾಣೆಗೆ ಸ್ವತಃ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಇಬ್ಬರು ಹೆಣ್ಣುಮಕ್ಕಳೂ ಸದರಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ಅಲ್ಲಿ ಆಸ್ಪತ್ರೆಯ ಹಾಸುಬಟ್ಟೆಗಳನ್ನು ಕಾದ ಉರುಳೆಗಳ ನಡುವೆ ಹಾಯಿಸಿ ಇಸ್ತ್ರಿ ಮಾಡಲಾಗುತ್ತದೆ. ಉರುಳೆಯ ಮುಂದೆ ಕಾವಲು ಪಟ್ಟಿಯೊಂದಿದೆ. ಕೈ ತಗುಲಿದರೆ ಯಂತ್ರ ನಿಲ್ಲುತ್ತದೆ. ಒದ್ದೆ ಬಟ್ಟೆಯ ಮಡಿಕೆ ತಗುಲಿದರೂ ನಿಲ್ಲುವುದರಿಂದ, ಯಂತ್ರದ ಮುಂದೆ ನಿಲ್ಲುವವರೇ ಹರಿದ ಹಾಸಿನ ತುಂಡಿನಿಂದ ಆ ಪಟ್ಟಿಯನ್ನು ಹಿಂದಕ್ಕೆ ಬಿಗಿದು ಕಟ್ಟುವುದು ಅಲ್ಲಿಯ ರೂಢಿ. ಮೇಲ್ವಿಚಾರಕರು ಅದನ್ನು ದಿನವೂ ನೋಡುತ್ತಾರೆ, ಏನೂ ಅನ್ನುವುದಿಲ್ಲ.

ಗುರುವಾರ ಮಧ್ಯಾಹ್ನ ಹಿರಿಯ ಮಗಳು ಬಲಗೈಗೆ ಟವೆಲ್ ಸುತ್ತಿಕೊಂಡು ಮನೆಗೆ ಬಂದಳು. ನಾನು ಆಸ್ಪತ್ರೆಗೆ ಕರೆದೊಯ್ದಾಗ, ಮನೆಯಲ್ಲಿ ಕುದಿನೀರು ಚೆಲ್ಲಿತೆಂದು ವೈದ್ಯರಿಗೆ ಹೇಳಿದಳು. ಬೆರಳುಗಳು ಚಪ್ಪಟೆಯಾಗಿದ್ದವು. ವೈದ್ಯರು ನನ್ನತ್ತ ತಿರುಗಿ, "ಏನ್ ಮೇಷ್ಟ್ರೇ, ನಿಮ್ಮನೆ ನೀರು ಇಷ್ಟು ಭಾರಾನಾ?" ಎಂದು ಕೇಳಿದರು.

ಅದೇ ಸಂಜೆ ಮೇಲ್ವಿಚಾರಕರು ಹಣ್ಣು ಹಿಡಿದು ಮನೆಗೆ ಬಂದರು. ದೂರು ಕೊಡುವುದು ಬಿಡುವುದು ನಮ್ಮಿಷ್ಟವೆಂದೂ, ಆದರೆ ಪಟ್ಟಿ ಕಟ್ಟಿದವರು ಯಾರೆಂದು ಮೊದಲು ವಿಚಾರಣೆಯಾಗುವುದೆಂದೂ ನಗುತ್ತಲೇ ತಿಳಿಸಿದರು. ಹೊರಡುವಾಗ ಕಿರಿಯ ಮಗಳಿಗೆ, "ಸೋಮವಾರದಿಂದ ಅಕ್ಕನ ಜಾಗದಲ್ಲಿ ನೀನೇ ನಿಲ್ಲಮ್ಮ" ಎಂದರು.

ಅವರು ಹೋದ ಮೇಲೆ ದೂರು ಕೊಡೋಣವೆಂದು ನಾನು ಹೇಳಿದೆ. ಹಿರಿಯಳು ಬಾಗಿಲು ಹಾಕಿ, "ಬೇಡಪ್ಪಾ, ಬಾಯಿ ಬಿಟ್ಟರೆ ಬಣ್ಣಗೇಡು. ಗಂಟು ಹಾಕಿದ್ದು ನಾನೇ. ನನ್ನ ಜೊತೆ ಇವಳನ್ನೂ ಮನೆಗೆ ಕಳಿಸ್ತಾರೆ" ಎಂದಳು. ನಾನೂ ಹೆದರಿ ಸುಮ್ಮನಾದೆ.

ಇಂದು ಭಾನುವಾರ ಬೆಳಿಗ್ಗೆ ಅಡುಗೆಮನೆಗೆ ಹೋದೆನು. ಹಿರಿಯಳು ನೆಲದ ಮೇಲೆ ಕುಳಿತು, ಕುರ್ಚಿಯ ಕಾಲಿಗೆ ಬಟ್ಟೆ ಸುತ್ತಿ, ಎಡಗೈ ಮತ್ತು ಹಲ್ಲುಗಳಿಂದ ಗಂಟು ಎಳೆದು ತಂಗಿಗೆ ಕಲಿಸುತ್ತಿದ್ದಳು. "ಇನ್ನೂ ಬಿಗಿ ಎಳಿಯೇ! ಸಡಿಲ ಆದ್ರೆ ಮಿಷಿನ್ ನಿಂತು ನಿಂತು ಬೈಸ್ಕೋತೀಯ" ಎನ್ನುತ್ತಿದ್ದಳು. ನಾನು ಚಪ್ಪಲಿ ಮರೆತು ಇಲ್ಲಿಗೆ ಬಂದೆನು.

ನಾಳೆ ಬೆಳಗಿನ ಪಾಳಿ ಆರಂಭವಾದ ಕೂಡಲೇ ತಾವು ಆ ಯಂತ್ರವನ್ನು ನೋಡಬೇಕು. ಕಾರ್ಖಾನೆಯವರಿಗೆ ಮೊದಲೇ ಸುಳಿವು ಸಿಕ್ಕರೆ ಆ ಬಟ್ಟೆ ಅಲ್ಲಿರುವುದಿಲ್ಲ. ಪಟ್ಟಿ ಕಟ್ಟಿರುವವಳು ನನ್ನ ಕಿರಿಯ ಮಗಳೇ ಆಗಿರುತ್ತಾಳೆ, ಅದನ್ನೂ ಬರೆದುಕೊಳ್ಳಿ. ಆದರೆ ದಯವಿಟ್ಟು ತಡಮಾಡಬೇಡಿ.

ಬರೆದುಕೊಂಡದ್ದನ್ನು ಓದಿಸಿ ಕೇಳಿದ್ದೇನೆ. ಕಂಡದ್ದು, ಕೇಳಿದ್ದು ಬಿಟ್ಟು ಬೇರೇನನ್ನೂ ಹೇಳಿಲ್ಲ. ಕೆಳಗಿನ ಸಹಿ ನನ್ನದೇ.

ಸ್ಥಳ: ಠಾಣೆ
ದಿನ: ಭಾನುವಾರ
ಸಹಿ: (ಗಾಯಾಳುವಿನ ತಂದೆ)